ಮಗುಚಿ ಹಾಕಿದ ಹೊಸಿಲು

ನಮ್ಮ ಮನೆಯ ತಲೆಬಾಗಿಲಿನ ಹೊಸಿಲು ನೆಲದಿಂದ ಒಂದು ಗೇಣು ಎತ್ತರ. ಮುಳಬಾಗಿಲಿನ ಹಳೇ ಬೀದಿಗಳಲ್ಲಿ ಬಹಳ ಮನೆಗಳದ್ದು ಹೀಗೇ. ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಐವತ್ತು ಸಲ ದಾಟಿದ್ದೇನೆ, ಅದೂ ಒಂದು ಎತ್ತರ ಅಂತ ಯಾವತ್ತೂ ಅನಿಸಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಕೋಲಾರದ ಆಸ್ಪತ್ರೆಯಲ್ಲಿ ರಾಡು ಹಾಕಿಸಿಕೊಂಡು ವೀಲ್‌ಚೇರಿನಲ್ಲಿ ವಾಪಸು ಬಂದ ದಿನ ಗೊತ್ತಾಯಿತು. ಅವರ ಬಲಗಾಲು ಮಡಿಸಲು ಬರುತ್ತಿರಲಿಲ್ಲ. ಅದನ್ನು ಉದ್ದಕ್ಕೆ ಚಾಚಿ, ಗಾಡಿಗೆ ಸಿಕ್ಕಿಸಿದ ಹಲಗೆಯ ಮೇಲೆ ಇಡಬೇಕಿತ್ತು. ಹೊಸಿಲು ದಾಟಿಸಿ ಒಳಗೆ ತರಲು ನಾಲ್ಕು ಜನ ಬೇಕಾದರು. ಆಮೇಲೆ ಆ ನಾಲ್ವರೂ ಅವರವರ ಮನೆಗೆ ಹೋದರು. ಅತ್ತೆ ಒಳಗೆ ಉಳಿದರು. ಅತ್ತೆ ಒಳಗೆ ಅಂದರೆ ನಾನೂ ಒಳಗೆ.

ನಮ್ಮ ಮನೆಯವರಿಗೆ ನರಸಾಪುರದಲ್ಲಿ ಶಿಫ್ಟ್ ಕೆಲಸ. ಕಂಪನಿ ಬಸ್ಸು ಹತ್ತಿದರೆ ಹೋಗಿಬರುವುದೂ ಸೇರಿ ಅರ್ಧ ದಿನ ಅಲ್ಲಿಗೇ. ಮನೆಯಲ್ಲಿ ನಾನು, ಅತ್ತೆ, ಗೋಡೆ ಗಡಿಯಾರ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೂ ನಡುಮನೆಯ ಮಂಚದಿಂದ ಕೂಗು ಬರುತ್ತಿತ್ತು: "ಏನೇ, ಎಲ್ಲೋದ್ಯೇ?" ಹಾಲಿಗೆ ಮೂಲೆಯ ಅಂಗಡಿಗೆ ಓಡುತ್ತಾ ಹೋಗಿ ಓಡುತ್ತಾ ಬರುತ್ತಿದ್ದೆ. ನನ್ನ ತವರು ಶ್ರೀನಿವಾಸಪುರ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಏಳು ತಿಂಗಳಲ್ಲಿ ಒಂದು ಸಲವೂ ಹೋಗಲಾಗಲಿಲ್ಲ. ಅಮ್ಮ ಫೋನಿನಲ್ಲಿ "ಎಂಗಿದ್ದೀಯೇ?" ಅಂದರೆ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ. ಚೆನ್ನಾಗಿರಲಿಲ್ಲ. ಉಸಿರು ಕಟ್ಟುತ್ತಿತ್ತು.

ಹೊಸಿಲಿನ ಮೇಲೆ ಹಾದುಹೋಗುವ ಹಾಗೆ ಒಂದು ಇಳಿಜಾರು ಹಲಗೆ ಮಾಡಿದರೆ ಗಾಡಿಯನ್ನು ಜಗಲಿಗೆ ತಳ್ಳಬಹುದಲ್ಲ ಅಂತ ಹೊಳೆಯಿತು. ಅವರು ಜಗಲಿಯಲ್ಲಿ ಕೂತರೆ ಎದುರು ಮನೆಯಾಕೆ ನೋಡಿಕೊಂಡಿರುತ್ತಾರೆ. ನನಗೆ ಒಂದು ಗಂಟೆಯಾದರೂ ಬಿಡುವು ಸಿಗುತ್ತದೆ. ಆಚಾರಿಗೆ ಹೇಳಿಕಳಿಸಿದೆ. ಬಂದ, ಅಳತೆ ತೆಗೆದುಕೊಂಡ, "ನಾಳೆ ಬರ್ತೀನಕ್ಕ" ಅಂದ. ಮೂರು ವಾರ ಕಾದರೂ ಆ ನಾಳೆ ಬರಲಿಲ್ಲ. ಹೋಗಯ್ಯಾ, ನಿನ್ನ ಮುಖ ನೋಡಿಕೊಂಡು ಯಾರು ಕೂರುತ್ತಾರೆ ಅಂತ ನಾನೇ ಸುತ್ತಿಗೆ ಹಿಡಿದೆ.

ಸುತ್ತಿಗೆ ನನಗೆ ಹೊಸದಲ್ಲ. ಅಪ್ಪ ಮಾವಿನ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಪ್ಲಾಸ್ಟಿಕ್ ಕ್ರೇಟು ಬರುವ ಮುಂಚೆ ಸೀಸನ್ನಿನಲ್ಲಿ ಹಣ್ಣಿನ ಮರದ ಪೆಟ್ಟಿಗೆಗಳನ್ನು ನಮ್ಮ ಮನೆಯಲ್ಲೇ ಹೊಡೆಯುತ್ತಿದ್ದೆವು. ಬಾಯಲ್ಲಿ ಮೊಳೆ ಕಚ್ಚಿಕೊಂಡು, ಎರಡೇ ಏಟಿಗೆ ಒಂದೊಂದು ಮೊಳೆ ಇಳಿಸುತ್ತಿದ್ದೆ. ಅತ್ತೆ ಮನೆಯ ಗಂಡಸರೋ, ಪಂಚಾಂಗ ಇಲ್ಲವೇ ಲೆಡ್ಜರು ಬಿಟ್ಟು ಬೇರೆ ಏನನ್ನೂ ಹಿಡಿದವರಲ್ಲ. ಬಲ್ಬು ಬದಲಿಸಲೂ ಪಕ್ಕದ ಮನೆಯವರನ್ನು ಕರೆಯುವ ಪೈಕಿ.

ಕೈ ಇತ್ತು, ಕೆಲಸಕ್ಕೆ ಜಾಗ ಇರಲಿಲ್ಲ. ನೆಲದ ಮೇಲೆ ಕೂತು ಹಲಗೆ ಕುಯ್ಯಲು ಹೋದರೆ ಸೊಂಟ ಹಿಡಿಯಿತು. ಸ್ಟೂಲಿನ ಮೇಲಿಟ್ಟರೆ ಸ್ಟೂಲು ಮಗುಚಿಕೊಂಡಿತು. ಫೋನಿನಲ್ಲಿ ನೋಡಿ ಒಂದು ಮಡಚುವ ಮೇಜು ತರಿಸಿದೆ. ಚಿತ್ರದಲ್ಲಿ ಅದರ ಮೇಲೆ ಒಬ್ಬ ದಾಂಡಿಗ ನಿಂತಿದ್ದ. ನಮ್ಮ ಮನೆಗೆ ಬಂದದ್ದರ ಮೇಲೆ ಒಂದು ಬೆಕ್ಕು ಕೂತರೂ ನಡುಗುತ್ತಿತ್ತು. ಗರಗಸ ಎಳೆದರೆ ಅದರ ಹಿಂದೆಯೇ ಮೇಜೂ ಬರುತ್ತಿತ್ತು.

"ಏನೇ, ಮರ ಕುಯ್ತಿದ್ದೀಯೋ, ಕುಣೀತಿದ್ದೀಯೋ?" ಅಂದರು ಅತ್ತೆ ಮಂಚದಿಂದ.

ಒಂದು ಗಟ್ಟಿ ಬೆಂಚು ಬೇಕು, ನಮ್ಮ ಕೈಗೆ ಎಟುಕುವ ಬೆಲೆಗೆ. ಮನೆಯವರಿಗೆ ವಾರದ ರಜೆ ಇದ್ದ ದಿನ, ಅತ್ತೆಯ ಹತ್ತಿರ ಅವರನ್ನು ಕೂರಿಸಿ ಕೋಲಾರಕ್ಕೆ ಬಸ್ಸು ಹತ್ತಿದೆ. ಅಲ್ಲಿ ಕೆಡವಿದ ಮನೆಗಳ ಮರ ಮಾರುವ ಒಂದು ಅಂಗಡಿಯಿದೆ. ಹೊಸ ತೇಗದ ಮಾತು ನಮ್ಮಂಥವರಿಗಲ್ಲ. ಹಳೆಯ ತೊಲೆಗಳ ಬೆಲೆಯನ್ನೂ ಕೇಳಿ ಕೇಳಿ ಬಿಟ್ಟೆ. ಮೂಲೆಯಲ್ಲಿ ಒಂದು ಬಾಗಿಲ ಚೌಕಟ್ಟು ಒರಗಿತ್ತು. ತಾಯಲೂರು ಕಡೆಯ ಯಾವುದೋ ಮನೆಯದಂತೆ. ಬೇವಿನ ಮರ, ಒಂದೊಂದು ತುಂಡೂ ನನ್ನ ತೊಡೆಯಷ್ಟು ದಪ್ಪ. ಬೆಲೆ ಕೇಳಿದರೆ ಅಂಗಡಿಯ ಸಾಬರು ನಕ್ಕರು.

"ಸೌದೆ ರೇಟಿಗೆ ತಗೊಂಡೋಗಕ್ಕ. ಹೊಸ್ಲು ಸಮೇತ ಇದೆ ನೋಡು, ಅದಕ್ಕೇ ಯಾರೂ ಮುಟ್ತಿಲ್ಲ. ಒಬ್ಬರ ಮನೆ ಲಕ್ಷ್ಮೀನ ಇನ್ನೊಬ್ಬರು ಕೂರಿಸ್ಕೊಳ್ಳಲ್ವಂತೆ. ನಾನು ಮುಚ್ಚಿಟ್ಟು ಮಾರಲ್ಲ, ಹೇಳ್ಬಿಟ್ಟಿದ್ದೀನಿ."

ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಕೆಳಗಿನ ಅಡ್ಡ ಮರದ ಮೇಲೆ ಎಷ್ಟೋ ವರ್ಷಗಳ ಅರಿಶಿನ ಹಳದಿಯಾಗಿ ಇಂಗಿತ್ತು. ಹೊಸಿಲನ್ನು ನಾವು ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ, ನಿಂತು ಮಾತಾಡುವುದಿಲ್ಲ. ಇನ್ನು ಸುತ್ತಿಗೆಯ ಮಾತೆಲ್ಲಿ! ಆದರೆ ಉಪ್ಪುಕಾಗದ ಹಾಕಿ ಅರಿಶಿನ ಉಜ್ಜಿ ತೆಗೆದರೆ ಅತ್ತೆಗೆ ಹೇಗೆ ಗೊತ್ತಾಗುತ್ತದೆ ಅಂದುಕೊಂಡೆ. ಅಲ್ಲೇ ನಾನು ಕೆಟ್ಟಿದ್ದು.

ಸಾಬರೇ ಚೌಕಟ್ಟಿನ ಪಕ್ಕದ ಎರಡು ಕಂಬಗಳನ್ನು ಕುಯ್ದು ನಾಲ್ಕು ಕಾಲು ಮಾಡಿಸಿ, ಬೋಲ್ಟಿಗೆ ತೂತು ಕೊರೆಸಿ, ಲಗೇಜ್ ಆಟೋದಲ್ಲಿ ಕಳಿಸಿದರು. ಮೇಲಿನ ಪಟ್ಟಿಯನ್ನೂ ಹೊಸಿಲನ್ನೂ ಪಕ್ಕಪಕ್ಕ ಕೂಡಿಸಿ ಬೆಂಚಿನ ಹಲಗೆ ಮಾಡಿದೆ. ಬೆಂಚು ಎಲ್ಲಿಡುವುದು? ಹಿತ್ತಲಲ್ಲಿಟ್ಟರೆ ನಾನು ಅತ್ತೆಯ ಕಣ್ಣಿಗೆ ಕಾಣುವುದಿಲ್ಲ, ಕೂಗು ಶುರುವಾಗುತ್ತದೆ. ನಡುಮನೆಯ ಕಿಟಕಿಯ ಕೆಳಗೆ, ಅವರ ಮಂಚದ ಎದುರಿಗೇ ಇಟ್ಟೆ. ಕೈಯಿಂದ ಅಲುಗಾಡಿಸಿದೆ, ಸೊಂಟ ಕೊಟ್ಟು ನೂಕಿದೆ, ಜಪ್ಪಯ್ಯ ಅನ್ನಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಮನೆಯಲ್ಲಿ ನನ್ನದು ಅನ್ನುವುದಕ್ಕೆ ಅಷ್ಟಗಲದ ಒಂದು ಜಾಗ ಹುಟ್ಟಿತ್ತು.

ಹಲಗೆ ಇಟ್ಟು ಮೊದಲ ಮೊಳೆಗೆ ಸುತ್ತಿಗೆ ಎತ್ತಿದೆ.

"ತಡಿ. ಅದೇನದು ಎರಡು ಕುಳಿ?"

ಹಿಂದಿನ ಕಾಲದ ಬಾಗಿಲುಗಳಿಗೆ ಕೀಲು ಇರಲಿಲ್ಲ. ಕದದ ಮೂಲೆಯ ಗೂಟ ಹೊಸಿಲಿನ ಕುಳಿಯೊಳಗೆ ಕೂತು ತಿರುಗುತ್ತಿತ್ತು. ಅರಿಶಿನ ಉಜ್ಜಿದ್ದೆ, ಕುಳಿಗಳನ್ನು ಮರೆತಿದ್ದೆ. ಎರಡು ತುದಿಯಲ್ಲಿ ಎರಡು ಕುಳಿ ಅತ್ತೆಯನ್ನೇ ನೋಡುತ್ತಿದ್ದವು.

"ಅಯ್ಯೋ ರಾಮಾ! ಹೊಸ್ಲು ಕಣೇ ಅದು! ಯಾರ ಮನೆ ಲಕ್ಷ್ಮೀನೋ ತಂದು ಅವಳ ತಲೆ ಮೇಲೆ ಸುತ್ತಿಗೇಲಿ ಹೊಡೀತೀಯಾ? ನೀನೇನು ಅನ್ನ ತಿಂತೀಯೋ, ಮಣ್ಣು ತಿಂತೀಯೋ?"

ಎಷ್ಟು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನ ಊಟ ಬಿಟ್ಟರು. ಮಗ ಬಂದ ಮೇಲೆ ಅತ್ತರು. ಮಗರಾಯರು ಇಬ್ಬರ ಮುಖವನ್ನೂ ನೋಡಿ, ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದರು. ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ನನ್ನ ಬೆಂಚಿಗೆ ಅರಿಶಿನ ಕುಂಕುಮ ಆಗಿತ್ತು, ಒಂದು ದಾಸವಾಳದ ಹೂವೂ ಏರಿತ್ತು. ಅಮ್ಮ ಹೇಳಿದ್ದು, ಮಗ ಹಚ್ಚಿದ್ದು.

"ರೀ, ನಿಮಗೇನು ಬುದ್ಧಿ ಇಲ್ವಾ?" ಅಂದೆ.

"ಅಮ್ಮನ ಸಮಾಧಾನಕ್ಕೆ ಕಣೇ" ಅಂದು ಕಂಪನಿ ಬಸ್ಸಿಗೆ ಓಡಿದರು.

ಆಮೇಲೆ ವಾರ ವಾರವೂ ಇದೇ. ಮನೆಯಲ್ಲಿ ದೇವರ ಮಂಟಪ ಒಂದಿತ್ತು, ಎರಡಾಯಿತು. ಇಳಿಜಾರಿಗೆ ತಂದ ಪ್ಲೈವುಡ್ಡು ಮಂಚದ ಕೆಳಗೆ ಧೂಳು ಹಿಡಿಯಿತು. ನಾನು ಬೆಳಗಾಗೆದ್ದು ಆ ಹೂವನ್ನು ನೋಡಬೇಕು, ಮುಟ್ಟುವಂತಿಲ್ಲ. ಬೆಡ್‌ಪ್ಯಾನು, ಗಂಜಿ, ಮಾತ್ರೆ, ಎಣ್ಣೆ ತಿಕ್ಕುವುದು, ಮತ್ತೆ ಬೆಡ್‌ಪ್ಯಾನು. ತಲೆಬಾಗಿಲು ಇಡೀ ದಿನ ತೆರೆದೇ ಇರುತ್ತಿತ್ತು, ಅದು ಇನ್ನೂ ಹಿಂಸೆ. ಬೀದಿಯಲ್ಲಿ ಹೋಗುವವರ ಅರ್ಧ ಮಾತು ಕೇಳುತ್ತಿತ್ತು, ಪೂರ್ತಿ ಮಾಡುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು.

ಒಂದು ದಿನ ಶ್ರೀನಿವಾಸಪುರದಿಂದ ಫೋನು ಬಂತು. ಅಮ್ಮನಿಗೆ ಜ್ವರ, ಅಂಥದ್ದೇನಿಲ್ಲ, ಆದರೂ ಬಂದು ಹೋಗು ಅಂದರು. ಮನೆಯವರಿಗೆ ರಜೆ ಇಲ್ಲ. ನಾನು ಫೋನು ಇಟ್ಟು ನಿಂತಿದ್ದೇನೆ, ಅತ್ತೆ ಅಂದರು, "ಆ ಹೂ ಬಾಡೋಗಿದೆ ನೋಡು, ತೆಗೆದು ಬೇರೆ ಇಡು."

ನನಗೆ ಅದೆಲ್ಲಿತ್ತೋ ಆ ಸಿಟ್ಟು. ಹೂವನ್ನು ಕಿತ್ತು ನೆಲಕ್ಕೆ ಎಸೆದೆ.

"ನಿಮ್ಮ ಕಾಲು ಮುರಿದಿದೆ, ನೀವು ಒಳಗಿದ್ದೀರಿ, ಸರಿ. ನನ್ನ ಕಾಲಿಗೇನಾಗಿದೆ? ನಿಮ್ಮನ್ನ ಆಚೆ ಕರ್ಕೊಂಡೋಗೋಕೆ ಅಂತ ತಾನೇ ಆ ಮರ ತಂದಿದ್ದು? ಅದನ್ನೂ ದೇವರು ಮಾಡಿ ಕೂರಿಸಿಬಿಟ್ರಿ. ಇಟ್ಕೊಳಿ ನಿಮ್ಮ ಲಕ್ಷ್ಮೀನ. ಒಂದಿನ ನಾನು ಹೊರಟೇ ಹೋಗ್ತೀನಿ ನೋಡಿ, ಆಗ ಅವಳೇ ಎದ್ದು ಗಂಜಿ ಕುಡಿಸ್ಲಿ!"

ನಾನು ಅಡುಗೆಮನೆಗೆ ಹೋಗಿ ಜೋರಾಗಿಯೇ ಅತ್ತುಬಿಟ್ಟೆ. ಅವತ್ತು ಪೂರ್ತಿ ಮಂಚದಿಂದ ಒಂದು ಸಲವೂ "ಎಲ್ಲೋದ್ಯೇ" ಅನ್ನುವ ಕೂಗು ಬರಲಿಲ್ಲ. ಬೇಕು ಬೇಕು ಅಂತಿದ್ದ ನೆಮ್ಮದಿ ಸಿಕ್ಕಿತಲ್ಲ, ಆದರೂ ಕಿವಿ ಅಲ್ಲೇ ಇತ್ತು.

ಮಾರನೇ ದಿನ ಕಾಫಿ ಕೊಟ್ಟಾಗ ಲೋಟ ಹಿಡಿದುಕೊಂಡೇ ಅಂದರು, "ಅರಿಶಿನ ಹಚ್ಚೋದು ಹೊಸ್ಲಿನ ಮೇಲ್ಮುಖಕ್ಕೆ ತಾನೇ?"

"ಹೂಂ."

"ಕೆಳಗಿನ ಮುಖ ಮಣ್ಣಲ್ಲಿ ಹೂತಿರುತ್ತೆ. ಅದಕ್ಕೆ ಯಾರೂ ಕೈ ಮುಗಿಯಲ್ಲ."

"ಅದಕ್ಕೇನೀಗ?"

"ಮಗುಚಿ ಹಾಕೇ, ಪೆದ್ದಿ. ಅವಳು ಕೆಳಗಿರ್ತಾಳೆ, ನೀನು ಮೇಲ್ಗಡೆ ಏನಾದ್ರೂ ಬಡ್ಕೋ."

ಮಂಚದಲ್ಲಿ ಬಿದ್ದುಕೊಂಡೇ ಇಷ್ಟು ದೊಡ್ಡ ವಕೀಲಿ! ಅಟ್ಟ ಹತ್ತಿ ಸುತ್ತಿಗೆ ಇಳಿಸಿದೆ. ಬೋಲ್ಟು ಬಿಚ್ಚಿ ಹೊಸಿಲನ್ನು ಮಗುಚಿದೆ. ಅಡಿಯ ಮುಖ ಒರಟು, ಸಂದಿಗಳಲ್ಲಿ ಇನ್ನೂ ಯಾವುದೋ ಮನೆಯ ಮಣ್ಣು, ಗಾರೆ. ಕೆಲಸಕ್ಕೆ ಅದೇ ವಾಸಿ, ಇಟ್ಟ ಹಲಗೆ ಜಾರುತ್ತಿರಲಿಲ್ಲ.

ಇಳಿಜಾರು ಮುಗಿಯಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಮ್ಮನ ಜ್ವರ ನಾನು ಹೋಗದೆಯೇ ಇಳಿದಿತ್ತು. ಅತ್ತೆಯ ಇನ್ನೊಂದು ಷರತ್ತಿತ್ತು: ಗಾಡಿಯ ಭಾರ ನಮ್ಮ ಮನೆಯ ಹೊಸಿಲಿನ ಮೇಲೆ ಬೀಳಕೂಡದು, ಹಲಗೆ ಅದನ್ನು ಸೋಕಲೂ ಕೂಡದು. ಹಾಗಾಗಿ ಒಳಗಿನಿಂದ ಏರಿ, ಹೊಸಿಲಿಗಿಂತ ಒಂದು ಬೆರಳು ಮೇಲೆ ತೇಲಿ, ಆಚೆ ಇಳಿಯುವ ಸೇತುವೆಯನ್ನೇ ಕಟ್ಟಿದೆ. ನೀಲಗಿರಿ ಮರದ ರಿಪೀಸು ಪಟ್ಟಿಗಳನ್ನು ಕುಯ್ದೆ, ಮೊಳೆ ಹೊಡೆದೆ, ತಪ್ಪಿದಲ್ಲಿ ಕಿತ್ತು ಮತ್ತೆ ಹೊಡೆದೆ. ಅತ್ತೆ ಎದುರಿಗೆ ಕೂತು ಒಂದೊಂದು ಏಟನ್ನೂ ನೋಡಿದರು. "ಆ ಕಡೆ ವಾರೆ ಇದೆ" ಅನ್ನುತ್ತಿದ್ದರು. ಹಾಳಾದ್ದು, ಅಳತೆ ಇಟ್ಟು ನೋಡಿದರೆ ವಾರೆ ಇರುತ್ತಿತ್ತು.

ಸೇತುವೆ ಹಾಕಿದ ದಿನ ಮನೆಯವರು ಕೆಲಸಕ್ಕೆ ಹೋಗಿದ್ದರು. ನಾನೊಬ್ಬಳೇ ತಳ್ಳಿದೆ. ಅತ್ತೆ ಅಷ್ಟು ಹಗುರ ಆಗಿಬಿಟ್ಟಿದ್ದರು. ಹೊಸಿಲಿನ ಮೇಲೆ ಹಾಯುವಾಗ ಕಣ್ಣು ಮುಚ್ಚಿ ಕೈ ಮುಗಿದರು. ಜಗಲಿಯಲ್ಲಿ ಬಿಸಿಲು ಮುಖಕ್ಕೆ ಬಿದ್ದಾಗ ಬಾಯಿ ತೆರೆದುಕೊಂಡೇ ಕೂತರು. ಎದುರು ಮನೆಯಾಕೆ "ಅಮ್ಮಾ ಬಂದ್ರಾ!" ಅಂತ ಓಡಿಬಂದು ಮಾತಾಡಿಸಿ, ಒಲೆಯ ಮೇಲೆ ಏನೋ ಇದೆ ಅಂತ ಹೋಗಿ ತಮ್ಮ ಬಾಗಿಲಲ್ಲೇ ನಿಂತರು.

ನಮ್ಮ ಜಗಲಿ ಕಿರಿದು. ಗಾಡಿಯನ್ನು ಅಡ್ಡಕ್ಕೆ ತಿರುಗಿಸಿ ಒಂದು ಪಕ್ಕಕ್ಕೆ ನಿಲ್ಲಿಸಿದ್ದೆ. ಅವರ ಚಾಚಿದ ಬಲಗಾಲು ಬಾಗಿಲಿಗೂ ಮೆಟ್ಟಿಲಿಗೂ ನಡುವೆ ಅಡ್ಡಗಂಬಿಯ ಹಾಗೆ ನಿಂತಿತ್ತು. ಗಾಡಿ ಸರಿಸಲೂ ಜಾಗ ಇರಲಿಲ್ಲ. ನಾನು ಬಾಗಿಲ ಕಡೆ, ಬೀದಿ ಆ ಕಡೆ. ಇಷ್ಟೆಲ್ಲ ಮಾಡಿ ಮತ್ತೆ ನಾನು ಒಳಗೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅತ್ತೆಗೆ ಅರ್ಥವಾಯಿತು. "ದಾಟು" ಅಂದರು.

"ನಿಮ್ಮ ಕಾಲನ್ನಾ? ಬೇಡಪ್ಪ."

"ನನ್ ಕಾಲೇ. ದಾಟ್ಕೊಂಡು ಹೋಗಿ ಹೂ ತಗೊಂಡು ಬಾ. ನಿಧಾನಕ್ಕೆ ಬಾ. ಬರೋವಾಗ ಹಂಗೇ ವಾಪಸ್ ದಾಟ್ಬಿಟ್ರೆ ದೋಷ ಕಳೆದೋಗುತ್ತೆ."

ಮಲಗಿದ ಮಗುವನ್ನು ಅಪ್ಪಿತಪ್ಪಿ ದಾಟಿದರೆ ಮತ್ತೆ ಹಿಂದಕ್ಕೆ ದಾಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹಿರಿಯರ ಕಾಲನ್ನು ದಾಟಿದವರನ್ನು ಮಾತ್ರ ನಾನು ಕಂಡಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು, ಉಸಿರು ಬಿಗಿಹಿಡಿದು ದಾಟಿದೆ. ಮೂರು ಮೆಟ್ಟಿಲು ಇಳಿದು ಬೀದಿಗೆ ಬಂದೆ. ಹಿಂದಿನಿಂದ ಕೂಗು ಬಂತು.

"ಏನೇ... ದಾಟಿರೋದು ಮರೀಬೇಡ. ವಾಪಸ್ ದಾಟ್ಲೇಬೇಕು."

ತಿರುಗಿ ನೋಡಿದೆ. ಗಾಡಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದು ಶಾಸ್ತ್ರ ಹೇಳುವವರ ಮುಖವಾಗಿರಲಿಲ್ಲ. ನಾನು ಅವತ್ತು ಹೊರಟೇ ಹೋಗ್ತೀನಿ ಅಂದದ್ದು ಅವರ ಎದೆಯಲ್ಲಿ ಹಾಗೇ ನಾಟಿಕೊಂಡಿತ್ತು.

"ಬರ್ತೀನಿ ಅತ್ತೆ" ಅಂದೆ.

ಹೂವಿನವರು ಕೂರುವುದು ಬಸ್ ಸ್ಟ್ಯಾಂಡಿನ ಮುಂದೆ. ಒಳಗೆ ಶ್ರೀನಿವಾಸಪುರದ ಬಸ್ಸು ನಿಂತಿತ್ತು. ಕಂಡಕ್ಟರು ಊರಿನ ಹೆಸರು ಹಿಡಿದು ಕೂಗುತ್ತಿದ್ದ. ಕಿಟಕಿಯ ಪಕ್ಕದ ಒಂದು ಸೀಟು ಖಾಲಿಯಿತ್ತು. ಬಸ್ಸು ಹೊರಟು, ತಿರುವು ದಾಟಿ ಕಣ್ಮರೆಯಾಗುವವರೆಗೂ ನಿಂತು ನೋಡಿದೆ. ಆಮೇಲೆ ಒಂದು ಮೊಳ ಕನಕಾಂಬರ ತೆಗೆದುಕೊಂಡು, ಅತ್ತೆಯ ಕಾಲು ದಾಟಲು ಮನೆಗೆ ಬಂದೆ.