ಕೂಗದೆ ಬಿಟ್ಟ ಹೆಸರು

ಇವತ್ತು ಬೆಳಿಗ್ಗೆ ಹರವೆ ಕಡೆಯ ಹಿರಿಯರೊಬ್ಬರು ನಮ್ಮ ಟೈಪಿಂಗ್ ಅಂಗಡಿಗೆ ಹಾಲಿನ ಸಂಘದ ಸದಸ್ಯರ ಪಟ್ಟಿ ತಂದರು. ಚಾಮರಾಜನಗರ ಜಿಲ್ಲೆಯಾದ ಮೇಲೆ ನಮ್ಮಂಥವರಿಗೆ ಕೈತುಂಬ ಕೆಲಸ ನೋಡಿ. ಪಟ್ಟಿಯಲ್ಲಿ ಆರೇಳು ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. "ಅವು ಬ್ಯಾಡ ಕಣಪ್ಪ, ಓಗ್ಬುಟ್ಟವ್ರು. ತೆಗ್ದಾಕು," ಅಂದರು. ಹಳೆಯ ಪಟ್ಟಿ ನಮ್ಮ ಕಂಪ್ಯೂಟರಿನಲ್ಲೇ ಇತ್ತು; ಅಳಿಸುವ ಕೀಲಿಯ ಮೇಲೆ ಬೆರಳಿಟ್ಟವನು ಒತ್ತಲಾರದೆ ಕೂತೆ. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಗುಂಡ್ಲುಪೇಟೆ ದಾಟಿಸಿ ಕರೆದುಕೊಂಡು ಹೋಗಬೇಕು. ಬನ್ನಿ, ಬಸ್ಸಿನಲ್ಲಿ ಸೀಟು ಸಿಗುತ್ತದೆಂದು ಮಾತ್ರ ಭರವಸೆ ಕೊಡಲಾರೆ.

ಐದು ವರ್ಷದ ಹಿಂದೆ ನನಗೆ ಇತಿಹಾಸದ ಹುಚ್ಚು ಹತ್ತಿತ್ತು. ಯಾರೂ ಕಲಿಸಿದ್ದಲ್ಲ, ನಾನಾಗಿ ಹತ್ತಿಸಿಕೊಂಡದ್ದು. ಗೀರು ಬಿದ್ದ ಕಲ್ಲು ಕಂಡರೆ ಶಾಸನ ಅನ್ನುತ್ತಿದ್ದೆ. ಸಂತೆಮರಹಳ್ಳಿಯ ಹತ್ತಿರ ಒಂದು ಕಲ್ಲಿಗೆ ಇದ್ದಿಲು ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆಯುತ್ತಿದ್ದಾಗ ಹೊಲದವನು ಬಂದು, "ಅದು ನಮ್ಮೆಮ್ಮೆ ಮೈ ಉಜ್ಕೊಳೋ ಕಲ್ಲು ಕಣ್ಲಾ, ಏನ್ ಬರ್ದದೆ ಅದ್ರಲ್ಲಿ?" ಅಂದಿದ್ದ. ಇಂಥ ವಿದ್ವಾಂಸನ ಕಿವಿಗೆ ದಾನಿಯೇಲಯ್ಯನವರ ಸುದ್ದಿ ಬಿತ್ತು. ಕೇರಳದ ರಸ್ತೆಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ಪ್ರಾಟೆಸ್ಟೆಂಟ್ ಸಭೆ ಕಟ್ಟಿದ ಮೊದಲ ಪಾಸ್ಟರು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಬರಿಗಾಲಲ್ಲಿ ನಡೆದವರು. ಹೆಣ್ಣುಮಕ್ಕಳನ್ನು ಮರಳಿನ ಮುಂದೆ ಕೂರಿಸಿ ಅಕ್ಷರ ತಿದ್ದಿಸಿದವರು. ಜ್ವರದಲ್ಲಿ ಸತ್ತವರನ್ನು ಮನೆಯವರೇ ಮುಟ್ಟದಿದ್ದಾಗ ಹೆಗಲ ಮೇಲೆ ಹೊತ್ತು ಮಣ್ಣು ಮಾಡಿದವರು.

ಒಂದು ಭಾನುವಾರ ಹೊರಟೇಬಿಟ್ಟೆ. ಹಂಚಿನ ಪುಟ್ಟ ಕಟ್ಟಡ, ನೆಲಕ್ಕೆ ಈಚಲ ಚಾಪೆ. ಈಗಿನ ಪಾಸ್ಟರಿಗೆ ಕೈಮುಗಿದು "ನಮಸ್ಕಾರ ಫಾದರ್" ಅಂದೆ. "ಫಾದರ್ ಅಂದರೆ ಕ್ಯಾಥೊಲಿಕರ ಬ್ರಹ್ಮಚಾರಿಗಳಪ್ಪ. ನಮಗೆ ಮಕ್ಕಳುಮರಿ ಇದಾವೆ," ಎಂದು ನಕ್ಕರು. ಚಾಪೆಯ ಮೇಲೆ ಖಾಲಿ ಜಾಗ ನೋಡಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ, ರೂತಮ್ಮ ಎಂದು ಆಮೇಲೆ ತಿಳಿಯಿತು, ನನ್ನ ತೋಳು ತಟ್ಟಿದರು.

"ಅಲ್ಲಿ ಕೂರ್ಬ್ಯಾಡ ಮಗ. ಜನ ಅವ್ರೆ."

ಯಾರೂ ಇರಲಿಲ್ಲ. ಹಿಂದಕ್ಕೆ ಸರಿದೆ.

ಪ್ರಾರ್ಥನೆಗೆ ಮೊದಲು ಹಾಜರಿ ಕೂಗುವುದು ಅಲ್ಲಿಯ ಪದ್ಧತಿ. ದಾನಿಯೇಲಯ್ಯನವರು ಹಾಕಿಕೊಟ್ಟದ್ದು. ಆ ಕಾಲಕ್ಕೆ ಸಭೆಯ ಗಂಡಾಳುಗಳೆಲ್ಲ ವೈನಾಡಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರಂತೆ. ವಾರಕ್ಕೊಮ್ಮೆಯಾದರೂ ಅವರ ಹೆಸರು ಊರಿನ ಗಾಳಿಗೆ ಬೀಳಲಿ ಎಂದು ಕೂಗುತ್ತಿದ್ದರು. ಇದ್ದವರು ಓಗೊಡಬೇಕು. ತೋಟಕ್ಕೆ ಹೋದವರ ಪರವಾಗಿ ಮನೆಯವರು "ದಾರೀಲವ್ರೆ" ಅನ್ನಬೇಕು. ಸತ್ತರೆ ಹೆಸರಿಗೆ ಗೆರೆ. ಆವತ್ತೂ ಪಾಸ್ಟರು ಕೂಗುತ್ತ ಬಂದರು. "ಯೋಹಾನ" ಅಂದಾಗ ರೂತಮ್ಮ, "ಅವ್ನೆ ಅಯ್ನೋರೆ" ಅಂದರು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಉಳಿದವರು ಯಾರೂ ತಿರುಗಿಯೂ ನೋಡಲಿಲ್ಲ.

ಹಾಜರಿ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಪಾಸ್ಟರು ಹೊಸದಾಗಿ ಬರೆದುಕೊಡಲು ಹೇಳಿದರು. ಜೊತೆಗೆ ದಾನಿಯೇಲಯ್ಯನವರ ದಿನಚರಿಯನ್ನೂ ಓದಲು ಕೊಟ್ಟರು. ನನ್ನ ಸಂಭ್ರಮ ಕೇಳಬೇಡಿ. ಅದರಲ್ಲೊಂದು ಸಾಲು ಸಿಕ್ಕಿತು: "ಯೋಹಾನನನ್ನು ಬೆಟ್ಟದ ತೋಟದಲ್ಲಿ ನನ್ನ ಕೈಯಾರೆ ಹೂತು ಬಂದೆ." ಅದರ ಕೆಳಗೆ, ಮುಂದಿನ ಭಾನುವಾರದ್ದು: "ಅಭ್ಯಾಸಬಲದಿಂದ ಕೂಗಿದೆ. ಓಗೊಟ್ಟ." ಎರಡನೆಯದು ಜ್ವರದ ಕನವರಿಕೆ ಇರಬೇಕೆಂದು ಬಿಟ್ಟೆ. ಮೊದಲನೆಯದು ಸಂಶೋಧನೆಯಾಯಿತು. ಎಪ್ಪತ್ತು ವರ್ಷದ ತಪ್ಪು ನನ್ನಿಂದ ತಿದ್ದಿಹೋಗುತ್ತದೆಂಬ ಹೆಮ್ಮೆಯಲ್ಲಿ, ಯಾರನ್ನೂ ಕೇಳದೆ, ಹೊಸ ಪುಸ್ತಕದಲ್ಲಿ ಯೋಹಾನನನ್ನು ಕೈಬಿಟ್ಟೆ.

ಮುಂದಿನ ಭಾನುವಾರ ಪಾಸ್ಟರು ಹೊಸ ಪುಸ್ತಕ ಹಿಡಿದು ಕೂಗಿ ಮುಗಿಸಿದರು. ಚಾಮರಾಜನಗರದಲ್ಲಿ ಅವರಿಗೆ ಇನ್ನೊಂದು ಆರಾಧನೆ ಇತ್ತು, ಅವಸರದಲ್ಲಿ ಗಮನಿಸಲಿಲ್ಲ, ಬಸ್ಸು ಹತ್ತಿಬಿಟ್ಟರು. ಜನ ಎದ್ದರು. ರೂತಮ್ಮ ಏಳಲಿಲ್ಲ.

"ಏಳವ್ವ, ಉಣ್ಣಾಕಿಲ್ವಾ?" ಅಂತ ಯಾರೋ ಕರೆದರು.

"ನಮ್ಮಣ್ಣನ್ನ ಇನ್ನೂ ಕೂಗ್ನಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ನಾನು ದಿನಚರಿ ಬಿಚ್ಚಿ ಪಾಠ ಹೇಳುವವನಂತೆ ಆ ಸಾಲು ಓದಿದೆ. ಒಬ್ಬೊಬ್ಬರೇ ಹೊರಗೆ ಜಾರಿಕೊಂಡರು. ಮಧ್ಯಾಹ್ನದ ಬಿಸಿಲು, ಹೊರಗೆ ಕಾಗೆಯ ಸದ್ದೂ ಇಲ್ಲ. ಒಳಗೆ ನಾವಿಬ್ಬರೇ.

"ಸತ್ತಿದ್ದು ಗೊತ್ತು ಕಣ್ ಮಗ," ಅಂದರು ರೂತಮ್ಮ. "ದಾನಿಯೇಲಯ್ನೋರು ಆ ಭಾನ್ವಾರ ಬೆಳಿಗ್ಗೆನೇ ಮನೇಗ್ ಬಂದು ಯೋಳುದ್ರು. ನಮ್ಮವ್ವ ಮಲಗ್ಬುಟ್ಟಿದ್ಳು, ನಾನೊಬ್ಳೇ ಇಲ್ಲಿಗ್ ಬಂದೆ. ಒಂಬತ್ತೊರ್ಸ ನಂಗೆ. ಅಯ್ನೋರು ಮರ್ತು ಯೋಹಾನ ಅಂತ ಕೂಗ್ಬುಟ್ರು. ನಾನೇನನ್ನದು ಅಂತ ಬಾಯ್ ತೆಗ್ಯಕ್ ಮುಂಚೆ, ಈ ಮಗ್ಗುಲಿಂದ 'ಬಂದಿವ್ನಿ' ಅಂತು."

ನಾನು ಆ ಮಗ್ಗುಲನ್ನು ನೋಡಲಿಲ್ಲ.

"ಅಯ್ನೋರು ತಲೆ ಎತ್ನಿಲ್ಲ. ಆದ್ರೆ ಗೆರೆನೂ ಎಳೀನಿಲ್ಲ. ಹೂತೋರೇ ಎಳೀನಿಲ್ಲ, ನೀನ್ಯಾಕ್ಲಾ ಎಳ್ದೆ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಕೂಗೋರಿಲ್ದೆ ಓದ್ರೆ ಅವ್ನು ಯಾವ್ ಊರು ಅಂತ ಬತ್ತಾನೆ? ನೀನೇ ಬುಟ್ಟೆ, ನೀನೇ ಕೂಗು."

ನಾನು ಆ ಧರ್ಮದವನಲ್ಲ, ಆ ಊರಿನವನೂ ಅಲ್ಲ. ಆದರೂ ಪಾಸ್ಟರು ನಿಲ್ಲುವ ಜಾಗದಲ್ಲಿ ನಿಂತೆ. ಹೊಸ ಪುಸ್ತಕದಲ್ಲಿ ಹೆಸರೇ ಇಲ್ಲ, ನೋಡಿ ಓದುವುದು ಏನನ್ನು? ಗಂಟಲು ಸರಿಮಾಡಿಕೊಂಡು "ಯೋಹಾನ" ಅಂದೆ. ರೂತಮ್ಮ ತುಟಿ ಬಿಗಿಹಿಡಿದು ಕೂತಿದ್ದರು. ಈ ಸಲ ಅವರು ಹೇಳುವುದಿಲ್ಲವೆಂದು ನನಗೆ ಆಗ ಹೊಳೆಯಿತು.

ಏನು ಕೇಳಿಸಿತು ಎನ್ನುತ್ತೀರಾ? ನನಗೆ ನನ್ನ ಕಿವಿಯಲ್ಲಿ ರಕ್ತ ಹರಿಯುವ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಣೆ ಮಾಡಿ ಹೇಳಬಲ್ಲೆ. ಕಂಡದ್ದು ಹೇಳುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಮುಖ ಸಡಿಲಿಸಿದರು. ಸೀರೆಯ ನೆರಿಗೆ ಎಳೆದುಕೊಂಡು, ಮಂಡಿ ಒಂದಿಷ್ಟು ಈಚೆಗೆ ಸರಿಸಿದರು, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಕೊಡುತ್ತೇವಲ್ಲ, ಹಾಗೆ. ಚಾಪೆಯ ಈಚಲು ಚಟಪಟ ಅಂದಿತು. ಅವರು ಸರಿದದ್ದಕ್ಕೇ ಇರಬೇಕು.

ಅಲ್ಲೇ ಕೂತು ಹೆಸರನ್ನು ಇದ್ದ ಜಾಗಕ್ಕೇ ಸೇರಿಸಿ ಬರೆದೆ. ಒತ್ತೊತ್ತಾಗಿ ಬಂತು, ದುಂಡಗೆ ಬರಲಿಲ್ಲ. ದಾನಿಯೇಲಯ್ಯನವರ ಚರಿತ್ರೆ ಬರೆಯುವ ಆಸೆ ಆಮೇಲೂ ಬಿಟ್ಟಿಲ್ಲ. ಆ ಎರಡು ಸಾಲುಗಳನ್ನು ವಿವರಿಸುವ ಆಸೆ ಮಾತ್ರ ಬಿಟ್ಟೆ.

ಹೀಗಾಗಿ ಇವತ್ತು ಕೆಂಪು ಗೆರೆಯ ಹೆಸರುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ, ಒಂದು ಉಸಿರು ಕಾದು, ಆಮೇಲೆ ಅಳಿಸತೊಡಗಿದೆ. ಪಟ್ಟಿ ತಂದವರು ಬೆಂಚಿನ ಮೇಲಿಂದ, "ಯಾರ್ನ ಕರೀತಿದ್ದೀಯಪ್ಪ?" ಎಂದು ನಕ್ಕರು. ನಾನೂ ನಕ್ಕೆ. ನಾಲ್ಕನೆಯ ಹೆಸರು ಮಾದಮ್ಮ. ಓದಿದೆ, ಕಾದೆ. ಬೆಂಚಿನ ಕಡೆಯ ನಗು ನಿಂತಿತ್ತು.

"ನಮ್ಮವ್ವ," ಅಂದರು. ಆಮೇಲೆ ಬಾಗಿಲ ಕಡೆ ನೋಡುತ್ತ: "ಇನ್ನೊಂದ್ ಸಾರಿ ಕೂಗು."