ನಮ್ಮ ಹೋಟೆಲಿನ ಚೌಕಾಬಾರದ ಮೇಜು

ಆಗೆಲ್ಲ ಹೊಂಗಡಹಳ್ಳದಲ್ಲಿ ಬಸ್ಸು ಬಂದರೆ ಬಂತು, ಬರದಿದ್ದರೆ ಇಲ್ಲ. ಕಾಯುವ ಜನ ನಮ್ಮ ಹೋಟೆಲಿನೊಳಗೆ ಬರುವ ಬದಲು ಎದುರಿನ ಮೋರಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ನೋಡಿ ನೋಡಿ ಅಪ್ಪನಿಗೊಂದು ಉಪಾಯ ಹೊಳೆಯಿತು. ಕಲ್ಲು ಕೆಲಸದವನನ್ನು ಕರೆಸಿ, ಬಾಗಿಲ ಪಕ್ಕದ ಕಲ್ಲಿನ ಮೇಜಿನ ಮೇಲೆ ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಕೊರೆಸಿದರು. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು: ‘ಸೋತವರು ಕಾಫಿ ಕೊಡಿಸತಕ್ಕದ್ದು.’

ವಾರದೊಳಗೆ ಮೋರಿ ಕಟ್ಟೆ ಖಾಲಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಂದ ಹಿಡಿದು ಸೌದೆ ಒಡೆಯುವವರವರೆಗೆ ಎಲ್ಲರೂ ಆ ಮೇಜಿಗೆ ಅಂಟಿಕೊಂಡರು. ಬಸ್ಸು ಹಾರನ್ ಹೊಡೆದರೆ, “ಇದೊಂದು ಗರ ಹಾಕ್ಬುಟ್ಟು ಬತ್ತೀನಿ, ತಡಿಯೋ ಮಾರಾಯ” ಎಂದು ಕಂಡಕ್ಟರನಿಗೇ ಕೂಗುತ್ತಿದ್ದರು. ಕಾಯಿಸಿದಷ್ಟೂ ಬೆಲ್ಲದ ಕಾಫಿ ಖರ್ಚಾಗುತ್ತಿತ್ತು, ಕರಿದಷ್ಟೂ ಮೆಣಸಿನಕಾಯಿ ಬಜ್ಜಿ.

ಊರಿಗೆಲ್ಲ ಆಟ, ಮನೆಮಗಳಾದ ನನಗೆ ಮಾತ್ರ ಇಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆರನೇ ಕ್ಲಾಸಿನ ಬೇಸಿಗೆ ರಜೆ. ಅಪ್ಪನ ತಂಗಿ ಶಾರದತ್ತೆ ಹೆಗ್ಗದ್ದೆಯಿಂದ ಬಂದಿದ್ದಳು. ಬೆಳಿಗ್ಗೆ ಅಮ್ಮನ ಜೊತೆ ಅಕ್ಕಿರೊಟ್ಟಿ ತಟ್ಟುವುದು, ಬಿಡುವಾದಾಗ ನನ್ನೆದುರು ಕೂರುವುದು. ಅವಳ ಬಳಿ ಅವಳಜ್ಜಿಯ ಕಾಲದ ನಾಲ್ಕು ಕವಡೆಗಳಿದ್ದವು, ಆಡಿ ಆಡಿ ಬೆಣ್ಣೆಯಂತೆ ನುಣುಪಾದವು. ಬಂದ ದಿನವೇ ಅತ್ತೆ ಪಂಥ ಕಟ್ಟಿದಳು: “ಒಂದೇ ಒಂದು ಆಟ ಗೆಲ್ಲೇ, ಈ ಕವಡೆ ನಿಂದು.”

ನನ್ನ ಕಾಯಿಗಳು ಹಸಿರು ಬಳೆಚೂರು, ಅವಳವು ಕಾಫಿ ಬೀಜ. ಆಡಲೇನೋ ಆಡುತ್ತಿದ್ದೆವು, ಮುಗಿಸಲು ಬಿಡಬೇಕಲ್ಲ! ಅಮ್ಮನ ಬಲಗೈಯಲ್ಲಿ ತಟ್ಟೆ, ಎಡಗೈಯಲ್ಲಿ ಒದ್ದೆ ಬಟ್ಟೆ. ತಟ್ಟೆ ಇಳಿಯುವ ಮೊದಲೇ ಎಡಗೈ ಮೇಜು ಒರೆಸಿಬಿಡುತ್ತಿತ್ತು, ಅದಕ್ಕೆ ಕಣ್ಣಿನ ಅಪ್ಪಣೆ ಬೇಕಿರಲಿಲ್ಲ. ಗಿರಾಕಿಗಳು ಆಡುತ್ತಿದ್ದರೆ, “ಆಟ ಐತೇನ್ರಣ್ಣಾ?” ಎಂದು ಕೇಳಿ ತಟ್ಟೆಯನ್ನು ಬೆಂಚಿನ ಮೇಲಿಡುತ್ತಿದ್ದಳು. ನನ್ನನ್ನು ಕೇಳುವವರು ಯಾರು?

“ಏಳೇ, ಗಿರಾಕಿ ನಿಂತವ್ರೆ.”

“ಅಮ್ಮಾ, ಇನ್ನೊಂದೇ ಕಾಯಿ!”

“ನಿನ್ ಕಾಯಿ ಬಂದು ಹೊಟ್ಟೆ ತುಂಬ್ಸುತ್ತಾ? ಏಳು.”

ಅಪ್ಪನಿಗೆ ದೂರು ಕೊಟ್ಟರೆ ಅವರು ನಕ್ಕು, “ಆ ಆಟ ಇರೋದು ಗಿರಾಕಿಗೆ ಕಣಮ್ಮ, ನಮಗಲ್ಲ” ಎಂದರು. ಬಡಿಸುವವರ ಮನೆಯಲ್ಲಿ ಹುಟ್ಟಿದ್ದೇ ನನ್ನ ತಪ್ಪೇನೋ ಎಂದು ಅಳು ಬಂತು. ಆ ರಜೆಯಲ್ಲಿ ಎಷ್ಟು ಆಟ ಅಳಿಸಿಹೋದವೋ ಲೆಕ್ಕವಿಲ್ಲ. ಸೋತಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅತ್ತೆ ಹೊರಡುವ ದಿನ ಬೆಳಿಗ್ಗೆ ಕೊನೆಯ ಆಟ. ನನ್ನ ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿದ್ದವು, ನಾಲ್ಕನೆಯದು ಅದರ ಬಾಗಿಲಲ್ಲೇ ನಿಂತಿತ್ತು. ಒಂದು ಬಿದ್ದರೆ ಗೆದ್ದೆ. ಅತ್ತೆಗೆ ಎರಡೇ ಹಣ್ಣು. ಒಂದು ಬೀಜ ಮೂಲೆಮನೆಯಲ್ಲಿ, ಇನ್ನೊಂದು ಅದರ ಹಿಂದೆ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಜನ ದಡಬಡ ಒಳಗೆ ನುಗ್ಗಿದರು. ನಾನು ಕವಡೆ ಕುಲುಕಿ ಹಾಕಿಯೇಬಿಟ್ಟೆ. ಅದೇ ಗಳಿಗೆಗೆ ಒದ್ದೆ ಬಟ್ಟೆ ಬಂತು. ಬಳೆಚೂರು, ಬೀಜ, ಕವಡೆ ಎಲ್ಲ ಒಟ್ಟಿಗೆ ನೆಲಕ್ಕೆ.

ಏನು ಬಿದ್ದಿತ್ತೋ ಯಾರೂ ನೋಡಲಿಲ್ಲ.

“ಒಂದು ಬಿದ್ದಿತ್ತು! ನಾನು ಗೆದ್ದಿದ್ದೆ!” ಎಂದು ಕಿರುಚಿದೆ. ಅಮ್ಮ ಆಗಲೇ ಎರಡನೇ ತಟ್ಟೆ ತರಲು ಒಳಗೆ ಹೋಗಿದ್ದಳು. ಅತ್ತೆ ಬೆಂಚಿನ ಕೆಳಗೆ ಬಗ್ಗಿ ಕವಡೆಗಳನ್ನು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮುಗೀದಿರೋ ಆಟದಾಗೆ ಗೆದ್ದೆ ಅನ್ನಂಗಿಲ್ಲ ಕಣೆ. ಕಾಯಿ ಎಲ್ಲಿದ್ವು ಅಂತ ನೆನಪಿಟ್ಕೊ. ಮುಂದಿನ ಸಲ ಇಲ್ಲಿಂದ್ಲೇ ಶುರು ಮಾಡಾನ.”

ಬಸ್ಸು ಹತ್ತಿ ಹೋಗಿಬಿಟ್ಟಳು. ಆಮೇಲೆ ಬಂದಾಗಲೆಲ್ಲ ಅವಳ ಕಂಕುಳಲ್ಲಿ ಕೂಸು, ಇಲ್ಲವೇ ಕೈತುಂಬ ಅಡುಗೆ ಕೆಲಸ. “ಆಡಾನ ಇರೆ” ಎನ್ನುತ್ತಲೇ ಕಾಲ ಕಳೆಯಿತು. ರಸ್ತೆ ಅಗಲ ಮಾಡಿದಾಗ ಹೋಟೆಲೂ ಮೇಜೂ ಹೋದವು. ಹೋದ ವರ್ಷ ಅತ್ತೆಯೂ ಹೋದಳು. ಕವಡೆ ಎಲ್ಲಿವೆ ಎಂದು ಕೇಳಿದರೆ ಅವಳ ಮಕ್ಕಳು, “ಯಾವ ಕವಡೆ?” ಎಂದರು.

ಮೊನ್ನೆ ಮಗಳು ನನ್ನನ್ನು ಸಕಲೇಶಪುರದ ಹೊಸ ಕೆಫೆಗೆ ಎಳೆದುಕೊಂಡು ಹೋದಳು. ಹೋಂಸ್ಟೇಗೆ ಬರುವವರಿಗೆಂದು ತೆರೆದದ್ದು. ಕಾಫಿ ಕುಡಿಯುತ್ತ ಗಂಟೆಗಟ್ಟಲೆ ಮಣೆಯಾಟ ಆಡಬಹುದು, ಯಾರೂ ಏಳು ಎನ್ನುವುದಿಲ್ಲ. ನಮ್ಮಪ್ಪ ಇದನ್ನು ಎಂದೋ ಮಾಡಿದ್ದರು ಎಂದರೆ ಅಲ್ಲಿ ಕೇಳುವವರಿಲ್ಲ. ಕಪಾಟಿನಲ್ಲಿ ಚೌಕಾಬಾರವೂ ಇತ್ತು, ಪ್ಲಾಸ್ಟಿಕ್ ಕವಡೆ ಸಮೇತ. ಹರಡಿಕೊಂಡು ಕೂತೆವು. ಕೊನೆಗೂ ಒಂದು ಆಟ ಮುಗಿಸುತ್ತೇನೆ ಅಂದುಕೊಂಡೆ.

ಮಾಣಿ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತ. ನನ್ನ ಎಡಗೈ ಮೇಜಿನ ಮೇಲಿದ್ದುದನ್ನೆಲ್ಲ ಸರಕ್ಕನೆ ಬದಿಗೆ ತಳ್ಳಿ, ಕಾಗದದ ಕರವಸ್ತ್ರದಿಂದ ಒರೆಸಿಯೂ ಬಿಟ್ಟಿತು.

“ಅಮ್ಮಾ! ನಾನು ಗೆಲ್ತಿದ್ದೆ!” ಮಗಳು ಕಿರುಚಿದಳು.

“ಮತ್ತೆ ಜೋಡಿಸೋಣ ಬಿಡೆ,” ಎಂದೆ.

“ಎಲ್ಲೆಲ್ಲಿದ್ವು, ಹೇಳು ನೋಡೋಣ?”

ಅವಳ ಒಂದು ಕಾಯಿಯೂ ನನಗೆ ನೆನಪಿರಲಿಲ್ಲ. ಅತ್ತೆಯ ಬೀಜಗಳನ್ನು ಕೇಳಿದ್ದರೆ ಹೇಳುತ್ತಿದ್ದೆ: ಒಂದು ಮೂಲೆಮನೆಯಲ್ಲಿ, ಇನ್ನೊಂದು ಅದರ ಹಿಂದೆ.