ಉದುರದ ಕಳ್ಳಿ ಹೂ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದುವಾಗ ನನ್ನ ವಿದ್ಯಾರ್ಥಿಗಳ ಬಗ್ಗೆ ನಿಮಗೆ ಸ್ವಲ್ಪ ಕನಿಕರವಾದರೂ ಹುಟ್ಟಲಿ.

ನಮ್ಮ ಮನೆ ಇರುವುದು ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು ನಾವು. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಹೆಂಡತಿ ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಬರುವಾಗ ಟೀ ಲೋಟದಷ್ಟು ಚಿಕ್ಕ ಕುಂಡದಲ್ಲಿ ಒಂದು ಕಳ್ಳಿ ಗಿಡ ತಂದಳು. ನಿಂಬೆಹಣ್ಣಿನ ಗಾತ್ರದ ಮುಳ್ಳಿನ ಉಂಡೆ, ಅದರ ನೆತ್ತಿಯ ಮೇಲೆ ಒಂದೇ ಒಂದು ಕಡುಗೆಂಪು ಹೂ. ಅವಳು ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಇಂಥ ಹೂವಿಗೆ ಒಗ್ಗರಣೆ ಹೊಗೆ ಆಗದು ಎಂದು ನಾನು ಜಗಲಿಗೆ ಸಾಗಿಸಿದೆ.

ವಾರ ಕಳೆಯಿತು, ಹೂ ಬಾಡಲಿಲ್ಲ. ತಿಂಗಳಾಯಿತು, ಬಾಡಲಿಲ್ಲ. ನಾನು ಒಂದು ನೋಟ್‌ಬುಕ್ ತೆಗೆದು ದಿನಾ ಬರೆಯತೊಡಗಿದೆ: ಬಣ್ಣ, ಅಗಲ, ಎಸಳುಗಳ ಸ್ಥಿತಿ. ಮರುಭೂಮಿಯ ಸಸ್ಯ ನೀರನ್ನು ಹೇಗೆ ಕಾಪಾಡಿಕೊಳ್ಳುತ್ತದೆಯೋ ಹೂವನ್ನೂ ಹಾಗೇ ಕಾಪಾಡಿಕೊಳ್ಳುತ್ತದೆ ಎಂದು ಒಂದು ಸಿದ್ಧಾಂತವನ್ನೂ ಕಟ್ಟಿದೆ. ಮುಟ್ಟಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ‘ದಯವಿಟ್ಟು ಹೂವನ್ನು ಮುಟ್ಟಬೇಡಿ’ ಎಂದು ಕುಂಡದ ಮುಂದೆ ಚೀಟಿ ಬರೆದಿಟ್ಟವನೇ ನಾನು. ನಾನೇ ಮುಟ್ಟಿದರೆ ಹೇಗೆ?

ನವೆಂಬರಿನಲ್ಲಿ ಮೋಡ ಕಟ್ಟಿ ಎರಡು ದಿನ ಜಡಿಮಳೆ ಹಿಡಿಯಿತು. ಹೂ ಎಸಳನ್ನೆಲ್ಲ ಒಳಗೆ ಮಡಚಿಕೊಂಡು ಮೊಗ್ಗಿನಂತಾಯಿತು. ಕಥೆ ಮುಗಿಯಿತು ಎಂದುಕೊಂಡೆ. ಮೂರನೆಯ ದಿನ ಬಿಸಿಲು ಬಂತು. ಮಧ್ಯಾಹ್ನದ ಹೊತ್ತಿಗೆ ಹೂ ಮತ್ತೆ ಅರಳಿ ನಿಂತಿತ್ತು! ನನಗೆ ರೋಮಾಂಚನವಾಯಿತು. ಫೋಟೊ ತೆಗೆದು, ಅಡಿಯಲ್ಲಿ ಒಂದು ಪುಟದಷ್ಟು ವಿವರಣೆ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಸಸ್ಯಗಳ ನಿದ್ರಾಚಲನೆ’ ಎಂಬ ಮಾತನ್ನು ಅದರಲ್ಲಿ ಮೂರು ಸಲ ಬಳಸಿದ್ದೆ.

ಜನ ಬರತೊಡಗಿದರು. ಬಂದವರಿಗೆಲ್ಲ ಕಾಫಿ, ಕಾಫಿಯ ಜೊತೆ ನನ್ನ ಪಾಠ. ಮೂರನೇ ಮನೆಯ ಅಜ್ಜಿಯೊಬ್ಬರು ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ಹೋದರು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬೀಜ ಕೇಳಿದರು. ಆಗ ನನ್ನ ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಕೆಮ್ಮಿದಂತೆ ಸದ್ದು ಕೇಳಿಸಿತು.

ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರಿಸಿದವರು ಪಕ್ಕದ ತೋಟದ ಸಾಹುಕಾರರು. ಅವರ ಕಾಫಿ ಒಣಗಿಸುವ ಕಣ ನಮ್ಮ ಬೇಲಿಯ ಆಚೆಗೇ ಇದೆ. ನನ್ನ ಪಾಠವನ್ನು ಅವರು ಅರ್ಧಕ್ಕೇ ನಿಲ್ಲಿಸಿದರು.

“ಅದೆಲ್ಲ ಇರ್ಲಿ ಮೇಷ್ಟ್ರೇ. ಮಳೆ ಬರಕ್ಕೆ ಮುಂಚೆ ಮುಚ್ಕಳ್ತದೋ, ಬಂದ್ಮೇಲೆ ಮುಚ್ಕಳ್ತದೋ?”

ನಾನು ನೋಟ್‌ಬುಕ್ ತಿರುವಿದೆ. “ಮುಂಚೇನೇ. ಗಾಳೀಲಿ ತೇವ ಶುರುವಾದ ಕೂಡ್ಲೆ.”

“ಹಂಗಾದ್ರೆ ಸರಿ,” ಎಂದು ಎದ್ದು ಹೋದರು.

ಡಿಸೆಂಬರಿನಲ್ಲಿ ಕಾಫಿ ಕೊಯ್ಲು, ನಮ್ಮ ಕಡೆಯ ಮಾತಿನಲ್ಲಿ ಪಿಕ್ಕಿಂಗ್, ಶುರುವಾಯಿತು. ಅಂದಿನಿಂದ ಬೆಳಿಗ್ಗೆ ಮಂಜು ಕರಗಿದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅವರ ಫೋನು ಬರತೊಡಗಿತು. ಕುಶಲಪ್ರಶ್ನೆ ಏನೂ ಇಲ್ಲ. “ಹೂ ಹೆಂಗದೆ?” ಅರಳಿದೆ ಎಂದರೆ ಕಣದಲ್ಲಿ ಹಣ್ಣು ಹರಡುತ್ತಿದ್ದರು. ಮುಚ್ಚುತ್ತಿದೆ ಎಂದರೆ ರಾಶಿ ಮಾಡಿ ಟಾರ್ಪಾಲು ಹೊದೆಸುತ್ತಿದ್ದರು. ಒಮ್ಮೆ ಮೊಬೈಲಿನ ಹವಾಮಾನ ಬಿಸಿಲು ಎಂದಿತ್ತು, ಹೂ ಮುಚ್ಚಿಕೊಂಡಿತು. ಸಂಜೆ ಹೊಯ್ದ ಮಳೆಯಲ್ಲಿ ಸುತ್ತಮುತ್ತಲಿನ ಕಣಗಳಲ್ಲಿ ಕಾಫಿ ನೆನೆದುಹೋಯಿತು, ಸಾಹುಕಾರರದು ಮಾತ್ರ ಉಳಿಯಿತು. ಮರುದಿನ ಅವರು ಒಂದು ಗೊನೆ ಬಾಳೆಹಣ್ಣು ಕಳಿಸಿದರು. ನನಗಲ್ಲ, ಹೂವಿಗೆ ಎಂದು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು.

ಇಷ್ಟೆಲ್ಲ ಆದ ಮೇಲೆ ಮಡಿಕೇರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋಗದೆ ಇರಲು ಮನಸ್ಸು ಕೇಳುತ್ತದೆಯೇ? ‘ಮನೆಯೊಳಗಿನ ಅಪರೂಪದ ಹೂಗಿಡ’ ಎಂಬ ವಿಭಾಗವಿತ್ತು. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಹೊರಡುವಾಗ ಹೆಂಡತಿ ಬಾಗಿಲವರೆಗೆ ಬಂದು, “ಹೋಗ್ಲೇಬೇಕಾ?” ಎಂದಳು. ನನ್ನ ಆರೋಗ್ಯದ ಬಗ್ಗೆ ಕಾಳಜಿ ಎಂದುಕೊಂಡೆ.

ಮೇಜಿನ ಮೇಲೆ ನನ್ನ ಕುಂಡದ ಪಕ್ಕದಲ್ಲಿ ಒಂದು ಬೂದು ಬಣ್ಣದ ಗಿಡವಿತ್ತು. ಅದರ ಹೂ ನಕ್ಷತ್ರದ ಆಕಾರ, ಮೈಯೆಲ್ಲ ಹುಲಿಪಟ್ಟೆ, ಹತ್ತಿರ ಹೋದರೆ ಸತ್ತ ಇಲಿಯ ವಾಸನೆ. ಅದರ ಮೇಲೆ ನೊಣಗಳು ಕೂತಿದ್ದವು. ನನ್ನ ಹೂವಿನ ಮೇಲೆ ಒಂದೂ ಇರಲಿಲ್ಲ. ಅದನ್ನು ನನ್ನ ಹೂವಿನ ಘನತೆ ಎಂದು ತಿಳಿದು ಮೂಗು ಮುಚ್ಚಿಕೊಂಡು ನಿಂತೆ.

ತೀರ್ಪುಗಾರರಾಗಿ ಬಂದವರು ವಿರಾಜಪೇಟೆಯ ಕಡೆಯ ಒಬ್ಬ ವಯಸ್ಸಾದ ಮಹಿಳೆ. ನಲವತ್ತು ವರ್ಷದಿಂದ ನರ್ಸರಿ ನಡೆಸುತ್ತಿದ್ದವರು. ನಾನು ನೋಟ್‌ಬುಕ್ ತೆರೆದು ನಿದ್ರಾಚಲನೆಯಿಂದ ಆರಂಭಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಜೊತೆಗೆ ತಂದಿದ್ದ ನನ್ನ ‘ಮುಟ್ಟಬೇಡಿ’ ಚೀಟಿಯನ್ನು ಓದಿ, ಎರಡು ಬೆರಳಿನಲ್ಲಿ ಹೂವನ್ನು ಹಿಡಿದು ಮೆಲ್ಲನೆ ತಿರುಗಿಸಿದರು. ‘ಚಟ್’ ಎಂದಿತು. ಹೂ ಅವರ ಕೈಯಲ್ಲಿತ್ತು. ಅದರ ಬುಡದಲ್ಲಿ ಒಣಗಿದ ಗೋಂದಿನ ಒಂದು ಬೊಟ್ಟು.

“ಸಾರ್, ಇದು ಈ ಗಿಡದ್ದಲ್ಲ. ಬೇರೆ ಹೂ, ಒಣಗ್ಸಿ ಗಮ್ಮು ಹಾಕಿ ಅಂಟಿಸ್ತಾರೆ. ತಂಡಿ ಆದ್ರೆ ಮುಚ್ತದೆ, ಬಿಸ್ಲು ಬಂದ್ರೆ ತೆರೀತದೆ. ಒಣಗಿದ ಎಸಳು ಅಷ್ಟೇ,” ಎಂದರು. ಆಮೇಲೆ ಮುಳ್ಳಿನ ನೆತ್ತಿಯನ್ನು ನೋಡಿ, “ಪಾಪ, ಗಾಯ ಆಗಿದೆ,” ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ, ಗಿಡಕ್ಕೇ ಹೇಳಿದ್ದಿರಬೇಕು. ಕೊನೆಗೆ ನನ್ನ ಕಡೆ ತಿರುಗಿದರು. “ಸಾರ್‌ಗೆ ಏನು ಕೆಲ್ಸ ಇತ್ತು?”

“ಕಾಲೇಜಿನಲ್ಲಿ,” ಎಂದೆ.

“ಯಾವ ಸಬ್ಜೆಕ್ಟು?”

“ಇತಿಹಾಸ,” ಎಂದುಬಿಟ್ಟೆ.

ಕುಂಡವನ್ನು ಕೈಚೀಲಕ್ಕೆ, ಹೂವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನು ಹೂವನ್ನು ಜೇಬಿನಿಂದ ತೆಗೆದು ಮೊರದ ಪಕ್ಕದಲ್ಲಿಟ್ಟೆ.

“ಬಿದ್ದೋಯ್ತಾ?” ಎಂದಳು. ಧ್ವನಿಯಲ್ಲಿ ಆಶ್ಚರ್ಯವಿರಲಿಲ್ಲ.

“ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನ್ರೀ? ಕೆಂಪು ಅಂಟಿಸ್ಲಾ, ಹಳದಿ ಅಂಟಿಸ್ಲಾ ಅಂತ ಅಂಗಡಿಯವನೇ ಕೇಳಿದ್ದ.”

“ಮತ್ತೆ ಹೇಳೋದಲ್ವಾ?”

“ಮೊದಲನೇ ದಿನ ಹೇಳೋಕ್ ಬಂದೆ. ಕೈ ಅಡ್ಡ ಹಿಡಿದು, ಇದು ನಿನಗೆ ಅರ್ಥ ಆಗಲ್ಲ ಅಂದ್ರಿ. ಸರಿ, ನೀವು ಓದಿದೋರು ಅಂತ ಸುಮ್ಮನಾದೆ.”

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆದರೆ ನಾನು ಹೇಳುವಂಥದೇ ಮಾತು, ಅನುಮಾನವಿಲ್ಲ. ಮೂವತ್ತು ವರ್ಷ ಮನೆಯಲ್ಲಿ ಎಷ್ಟು ಸಲ ಹಾಗೆ ಕೈ ಅಡ್ಡ ಹಿಡಿದಿದ್ದೆನೋ ಎಂದು ಯೋಚಿಸಿದಾಗ ಮಡಿಕೇರಿಯಲ್ಲಿ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮೊರದ ಮುಂದೆ ಕೂತು ನಾನೂ ಸೊಪ್ಪು ಬಿಡಿಸತೊಡಗಿದೆ. ದಂಟನ್ನೂ ಎಲೆಯನ್ನೂ ಒಂದೇ ಕಡೆ ಹಾಕುತ್ತಿದ್ದೇನೆ ಎಂದು ಅವಳು ತಿದ್ದಿದಳು.

ಸಾಹುಕಾರರಿಗೆ ಸುದ್ದಿ ತಿಳಿಸುವುದೇ ಕಷ್ಟದ ಕೆಲಸವೆನಿಸಿತು. ಮರುದಿನ ಬೇಲಿಯ ಹತ್ತಿರ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, “ಗಿಡ ನೀವೇ ಇಟ್ಕಳಿ. ಹೂ ಕೊಡಿ ಇಲ್ಲಿ,” ಎಂದು ಅಂಗೈ ಚಾಚಿದರು. ಅದನ್ನು ಕಣದ ಶೆಡ್ಡಿನ ತೊಲೆಗೆ ದಾರದಲ್ಲಿ ಇಳಿಬಿಟ್ಟರು. ಅವರ ಪಾಲಿಗೆ ಅದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಇರಲಿಲ್ಲ. ಇಷ್ಟು ದಿನ ನಡುವೆ ನಾನೊಬ್ಬ ಮೇಷ್ಟ್ರು ಅಡ್ಡ ಇದ್ದೆ, ಅಷ್ಟೆ.

ಗಿಡದ ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಏಪ್ರಿಲಿನಲ್ಲಿ ಅದರ ಪಕ್ಕೆಯ ಮುಳ್ಳುಗಳ ಸಂದಿಯಿಂದ ಅಕ್ಕಿಕಾಳಿನಷ್ಟು ಚಿಕ್ಕ ಗುಲಾಬಿ ಮೊಗ್ಗುಗಳು ಬಳೆಯಂತೆ ಸುತ್ತಲೂ ಎದ್ದವು. ಮೂರು ದಿನ ಅರಳಿದ್ದು ಬಾಡಿದವು. ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಒಬ್ಬರೂ ಬರಲಿಲ್ಲ. “ಹಳೇ ಹೂವೇ ಚೆನ್ನಾಗಿತ್ತು ಸರ್” ಎಂದು ಬೀಜ ಕೇಳಿದ್ದ ಸಹೋದ್ಯೋಗಿ ಬರೆದರು.

ಅದೇ ವಾರ ಪ್ರದರ್ಶನದವರಿಂದ ಅಂಚೆಯಲ್ಲಿ ಒಂದು ಲಕೋಟೆ ಬಂತು. ತೀರ್ಪುಗಾರ್ತಿಯ ಕರುಣೆಯೋ ಗುಮಾಸ್ತರ ಗಡಿಬಿಡಿಯೋ ಗೊತ್ತಿಲ್ಲ, ನನ್ನ ಹೆಸರನ್ನು ಬೇರೆ ವಿಭಾಗಕ್ಕೆ ಸೇರಿಸಿ ಪ್ರಶಸ್ತಿಪತ್ರ ಕಳಿಸಿದ್ದರು: ಕೃತಕ ಹೂಗಳ ತಯಾರಿಕೆ, ಸಮಾಧಾನಕರ ಬಹುಮಾನ.

ನನ್ನ ಹೆಂಡತಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದಾಳೆ.